ಕಂಬಕ್ಕೆ ಇಟ್ಟ ಮೂರು ಬೆಣೆ

ಪ್ರೀತಿಯ ಅಕ್ಕಾ,

ನಾವು ಕ್ಷೇಮ, ನೀವು ಕ್ಷೇಮವೇ ಎಂದು ಶುರು ಮಾಡಬೇಕು. ನನಗೆ ಪತ್ರ ಬರೆಯಲು ಕಲಿಸಿದವಳೇ ನೀನು. ಆ ಸಾಲು ಬಿಟ್ಟರೆ ತಲೆಗೆ ಮೊಟಕುತ್ತಿದ್ದೆ. ಇವತ್ತು ಮೊಟಕಿದರೂ ಸರಿಯೇ, ಆ ಸಾಲು ಬರೆಯಲಾರೆ. ನಾನು ಕ್ಷೇಮವಾಗಿದ್ದೇನೆ. ನೀನೂ ಭಾವನೂ ಕ್ಷೇಮವಾಗಿಲ್ಲ. ಅದನ್ನು ಬಾಯಲ್ಲಿ ಹೇಳಿದರೆ ನೀವು ಕೇಳಲಿಲ್ಲ, ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ.

ನಿಮ್ಮ ತಾರಸಿಯ ಮೇಲೆಯೇ ಕೂತು ಬರೆಯುತ್ತಿದ್ದೇನೆ, ನೀರಿನ ಟ್ಯಾಂಕಿನ ನೆರಳಿನಲ್ಲಿ. ಮಧ್ಯಾಹ್ನ ಎರಡು ಗಂಟೆ. ಭಾವನ ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದೀರಿ, ಐದಕ್ಕೆ ಮುಂಚೆ ಬರುವುದಿಲ್ಲ ಎಂದು ಪಕ್ಕದ ಮನೆಯ ದರ್ಜಿ ಹೇಳಿದ. ಹಾಡಹಗಲೇ ಕಳ್ಳನ ಹಾಗೆ ಗೇಟು ತೆಗೆದು, ಹೊರಗಿನ ಮೆಟ್ಟಿಲಿನಿಂದ ಹತ್ತಿ ಬಂದೆ. ಹೊಸ್ತಿಲು ತುಳಿಯಬೇಡ ಎಂದಿದ್ದರು ಭಾವ. ತುಳಿದಿಲ್ಲ. ತಾರಸಿಯ ವಿಷಯ ಅವರು ಏನೂ ಹೇಳಿರಲಿಲ್ಲ.

ನನ್ನ ಎದುರಿಗೆ ನಿನ್ನ ನೀಲಿ ಬಕೆಟ್ಟು ಇದೆ, ತುಂಬ ನೀರು. ಮೆಟ್ಟಿಲ ಕೋಣೆಯ ಹಿಂಗೋಡೆಯ ನೆತ್ತಿಗೆ ಒಂದು ಮೊಳೆ ಹೊಡೆದು, ಅದರಿಂದ ದಾರ ಇಳಿಬಿಟ್ಟು, ದಾರದ ತುದಿಯ ಕಬ್ಬಿಣದ ಗುಂಡನ್ನು ಆ ನೀರಿನಲ್ಲಿ ಮುಳುಗಿಸಿದ್ದೇನೆ. ಗಾಳಿಗೆ ಗುಂಡು ತೂಗಾಡಬಾರದಲ್ಲ, ಅದಕ್ಕೆ ನೀರು. ಗೋಡೆ ನೆಟ್ಟಗಿದ್ದರೆ ದಾರ ಮೇಲೂ ಕೆಳಗೂ ಗೋಡೆಯಿಂದ ಒಂದೇ ಅಂತರದಲ್ಲಿರಬೇಕು. ಮೇಲೆ ಮೊಳೆಯ ಹತ್ತಿರ ಒಂದು ಬೆರಳು ಅಂತರವಿದೆ, ಕೆಳಗೆ ಮೂರು ಬೆರಳು. ಬಕೆಟ್ಟಿನ ಪಕ್ಕ ಇಟ್ಟಿಗೆ ಜೋಡಿಸಿ, ಅದರ ಮೇಲೆ ನನ್ನ ಮರದ ಅಡಿಪಟ್ಟಿಯನ್ನು ಗೋಡೆಗೆ ತಾಗಿಸಿ ಇಟ್ಟು, ದಾರ ನಿಂತಿರುವ ಕಡೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದಿದ್ದೇನೆ. ಈಗ ದಾರ ಸರಿಯಾಗಿ ಆ ಗೆರೆಯ ಮೇಲೇ ಇದೆ. ಪತ್ರ ಮುಗಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ಆ ಗುಂಡು ಯಾರದು ಎಂದು ನಿನಗೆ ಗೊತ್ತು. ನಾನು ಆಂಟೆನಾ ಕೆಲಸಕ್ಕೆ ಇಳಿದಾಗ ಎಲ್ಲರೂ ನಕ್ಕರು, ಈ ಕಾಲದಲ್ಲಿ ಕಂಬ ನೆಡುವವನಿಗೆ ಯಾರು ಕೆಲಸ ಕೊಡುತ್ತಾರೆ ಎಂದರು. ನಗದೆ ಇದ್ದವರು ಭಾವ ಒಬ್ಬರೇ. ತಮ್ಮ ಮೇಸ್ತ್ರಿ ಚೀಲದಿಂದ ಈ ತೂಕದ ಗುಂಡು ತೆಗೆದು ನನ್ನ ಕೈಗಿಟ್ಟು, “ಕಂಬ ನೆಟ್ಟಗಿದ್ರೆ ನಿನ್ನ ಅರ್ಧ ಕೆಲಸ ಮುಗೀತು. ನಿನ್ನ ಕಣ್ಣನ್ನ ನಂಬಬೇಡ ಕಣೋ, ಇದನ್ನ ನಂಬು” ಎಂದಿದ್ದರು. ಹದಿನೆಂಟು ವರ್ಷವಾಯಿತು. ಇವತ್ತಿಗೂ ಇದನ್ನೇ ನಂಬುತ್ತೇನೆ. ನಂಬಿದ್ದಕ್ಕೇ ಅವರ ಕೈಯಲ್ಲಿ ಬೈಸಿಕೊಂಡಿದ್ದು, ಏನು ಹೇಳಲಿ!

ನಾನು ಈಗ ಹೇಳುವುದನ್ನು ಸಿಟ್ಟು ಮಾಡಿಕೊಳ್ಳದೆ ಕೊನೆಯವರೆಗೂ ಓದು. ತಪ್ಪು ನನ್ನದು. ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ.

ಹೋದ ವರ್ಷ ಇದೇ ದಿನಗಳಲ್ಲಿ ನೀನು ಫೋನು ಮಾಡಿದ್ದೆ, ನೆನಪಿದೆಯಾ? “ಲೇ ಕೋತಿ, ಟಿವಿ ಚೂರು ಚೂರಾಗಿ ಬರ್ತಿದೆ. ಮಾತಾಡೋರ ಮೂಗೇ ಕಾಣಲ್ಲ. ಏಳು ಗಂಟೆ ಒಳಗೆ ಬಂದು ಸರಿ ಮಾಡ್ಲಿಲ್ಲ ಅಂದ್ರೆ ನಿನಗೆ ಊಟ ಇಲ್ಲ ನೋಡು.” ಬಂದೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ನನ್ನ ಪದ್ಧತಿ. ಮೊದಲು ಟಿವಿ, ಆಮೇಲೆ ವೈರು, ವೈರಿನ ಎರಡು ತುದಿ, ಬೂಸ್ಟರ್ ಡಬ್ಬಿ, ಕೊನೆಗೆ ಆಂಟೆನಾ. ಎಲ್ಲವೂ ಚೆನ್ನಾಗಿತ್ತು. ಈ ಹಿಂಗೋಡೆಗೇ ಬಿಗಿದ ಕಂಬ ಮಾತ್ರ ಒಂಚೂರು ಹಿಂದಕ್ಕೆ ವಾಲಿತ್ತು. ಕಂಬ ನೆಟ್ಟ ದಿನ ಪೈಪು ಮತ್ತು ಅದನ್ನು ಗೋಡೆಗೆ ಹಿಡಿದಿರುವ ಕ್ಲಾಂಪು ಎರಡರ ಮೇಲೂ ಸೇರಿ ಬರುವ ಹಾಗೆ ಒಂದು ಗೀರು ಹಾಕುತ್ತೇನಲ್ಲ, ಅದನ್ನು ನೋಡಿದೆ. ಪೈಪು ಅಲುಗಿದ್ದರೆ ಗೀರು ಮುರಿದಿರಬೇಕು. ಗೀರು ನೆಟ್ಟ ದಿನದ ಹಾಗೇ ಇತ್ತು. ನಟ್ಟು ಬಿಗಿಯಾಗಿತ್ತು, ಗೋಡೆಗೆ ಹೊಡೆದ ಬೋಲ್ಟು ಕಲ್ಲಿನ ಹಾಗೆ ಕೂತಿತ್ತು.

ಕಂಬ ಅಲುಗಿಲ್ಲ, ಆದರೂ ವಾಲಿದೆ. ಅಲ್ಲೇ ನಿಂತು ಯೋಚನೆ ಮಾಡಬೇಕಿತ್ತು ಅಕ್ಕಾ. ಮಾಡಲಿಲ್ಲ. ಕೆಳಗಿನ ಕ್ಲಾಂಪಿನ ಹಿಂದೆ ಒಂದು ತೆಳ್ಳನೆಯ ಮರದ ಬೆಣೆ ಹೊಡೆದೆ, ಕಂಬ ನೆಟ್ಟಗಾಯಿತು, ಟಿವಿ ಫಳಫಳ ಬಂತು. “ಏನಾಗಿತ್ತೋ?” ಎಂದು ನೀನು ಅಡುಗೆಮನೆಯಿಂದ ಕೇಳಿದೆ. “ಗಾಳಿ” ಎಂದೆ.

ನಮ್ಮ ಕಸುಬಿನವರ ಬಾಯಿಗೆ ಗೊತ್ತಿಲ್ಲ ಎಂಬ ಮಾತೇ ಬರುವುದಿಲ್ಲ. ಗಿರಾಕಿ ಕೇಳಿದ ತಕ್ಷಣ ಏನಾದರೂ ಒಂದು ಕಾರಣ ಹೇಳಿಬಿಡಬೇಕು. ತಡವರಿಸಿದರೆ ಇವನಿಗೇನೂ ಬರಲ್ಲ ಎಂದುಕೊಳ್ಳುತ್ತಾರೆ. ಊರವರಿಗೆಲ್ಲ ಹಾಗೇ ಹೇಳಿ ಹೇಳಿ, ನನ್ನ ಅಕ್ಕನಿಗೂ ಹಾಗೇ ಹೇಳಿಬಿಟ್ಟೆ. ಆ ದಿನ ನೀನು ಬಡಿಸಿದ ಊಟವನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡು ಹೋದೆ.

ಏಳು ತಿಂಗಳಾದ ಮೇಲೆ ಮತ್ತೆ ಅದೇ ಕತೆ. ಎರಡನೆಯ ಬೆಣೆ ಹೊಡೆದೆ, ಇದು ಮೊದಲನೆಯದಕ್ಕಿಂತ ದಪ್ಪ. “ಕಾಗೆ ಬಂದು ಕೂರ್ತಾವೆ” ಎಂದೆ. “ಕಾಗೆ ಕೂತ್ರೆ ಕಬ್ಬಿಣ ಬಾಗುತ್ತಾ, ನಿನ್ನ ತಲೆ” ಎಂದು ನೀನು ನಕ್ಕೆ. ನಾನೂ ನಕ್ಕೆ. ಅದಾದ ಮೂರೇ ತಿಂಗಳಿಗೆ ಮೂರನೆಯ ಬೆಣೆ, ಕಿರುಬೆರಳಿನಷ್ಟು ದಪ್ಪ. ಅವತ್ತು ತುಕ್ಕು ಎಂದೆ. ಮೊದಲ ಸಲ ಹನ್ನೊಂದು ವರ್ಷ ನಿಂತ ಕಂಬ, ಆಮೇಲೆ ಏಳು ತಿಂಗಳು, ಆಮೇಲೆ ಮೂರು ತಿಂಗಳು. ನನ್ನಂಥ ದಡ್ಡನಿಗೂ ಈ ಲೆಕ್ಕ ಅರ್ಥವಾಗಬೇಕಿತ್ತು. ಟಿವಿ ಬಂತಲ್ಲ ಎಂಬ ಹೆಮ್ಮೆ ನನ್ನ ಕಣ್ಣು ಕಟ್ಟಿತ್ತು.

ಹೋದ ತಿಂಗಳು ದರ್ಜಿಯ ಮನೆಯ ಟಿವಿ ಹೋಯಿತು. ಮಾರನೆಯ ದಿನ ಆ ತುದಿಯ ನರ್ಸಮ್ಮನ ಮನೆಯದು. ವಾರದೊಳಗೆ ನಿಮ್ಮ ಸಾಲಿನ ಐದೂ ಮನೆ. ಬೀದಿಯ ಆಚೆ ಬದಿಗೆ, ಆ ಉದ್ದನೆಯ ಗೋದಾಮಿನ ಪಕ್ಕದ ಮನೆಗಳಲ್ಲಿ ಕನ್ನಡಿಯಂಥ ಚಿತ್ರ. ಈಚೆ ಬದಿಯಲ್ಲಿ, ಇಳಿಜಾರಿನ ಅಂಚಿಗಿರುವ ನಿಮ್ಮ ಐದು ಮನೆಗಳಲ್ಲಿ ಮಾತ್ರ ಬರೀ ಚೌಕ ಚೌಕ. ನನಗೆ ತಲೆಬುಡ ಅರ್ಥವಾಗಲಿಲ್ಲ. ಎಲ್ಲರ ವೈರು ಬದಲಾಯಿಸಿದೆ. ಬೂಸ್ಟರ್ ಕಿತ್ತು ನೋಡಿದೆ. ನನ್ನ ಪುಟ್ಟ ಟಿವಿಯನ್ನು ತಾರಸಿಗೆ ಹೊತ್ತು ಆಂಟೆನಾಗೆ ನೇರವಾಗಿ ಹಚ್ಚಿ ನೋಡಿದೆ. ಕೊನೆಗೆ, ಹೊಸದಾಗಿ ಎದ್ದಿರುವ ಫೋನ್ ಟವರಿನದೇ ಕಿತಾಪತಿ ಎಂದು ತೀರ್ಮಾನಿಸಿ ಒಂದು ವಾರ ಅದಕ್ಕೆ ಹಿಡಿ ಹಿಡಿ ಶಾಪ ಹಾಕಿದೆ. ಪಾಪ, ಅದು ಏನೂ ಮಾಡಿರಲಿಲ್ಲ.

ನರ್ಸಮ್ಮನ ತಾರಸಿಯ ಮೇಲೆ ಗುಂಡು ಇಳಿಬಿಟ್ಟಾಗ ಗೊತ್ತಾಯಿತು. ಅವರ ಕಂಬವೂ ಹಿಂದಕ್ಕೇ ವಾಲಿದೆ. ಅದರ ಮೇಲೂ ನನ್ನ ಗೀರು ಮುರಿದಿಲ್ಲ. ಒಂದು ಮನೆಯ ಕಂಬವಾದರೆ ಗಾಳಿ ಎನ್ನಬಹುದು. ಐದು ಮನೆಯ ಕಂಬಗಳು, ಒಂದೂ ಅಲುಗದೆ, ಒಂದೇ ಕಡೆಗೆ ವಾಲುತ್ತವೆಯೇ? ಆಗ ನಾನು ಕಂಬ ನೋಡುವುದು ಬಿಟ್ಟು ದೂರದ ಗುಡ್ಡದ ಮೇಲಿನ ಟಿವಿ ಗೋಪುರ ನೋಡಿದೆ. ಗೋಪುರಕ್ಕೆ ಕೆಂಪು ಬಿಳಿ ಪಟ್ಟಿ ಬಳಿದಿದ್ದಾರಲ್ಲ, ಹಿಂದೆ ಅಲ್ಲಿ ನಿಂತರೆ ಗೋದಾಮಿನ ಚಾವಣಿಯ ಮೇಲೆ ಮೂರು ಪಟ್ಟಿ ಕಾಣುತ್ತಿತ್ತು. ಕಂಬ ನೆಡುವಾಗ ನಾನೇ ಎಣಿಸಿದ್ದೆ. ಈಗ ತುದಿಯ ಕೆಂಪು ಪಟ್ಟಿ ಒಂದೇ ಕಾಣಿಸಿತು. ಗೋಪುರ ಗಿಡ್ಡವಾಗುವುದಿಲ್ಲ, ಗೋದಾಮು ಬೆಳೆಯುವುದಿಲ್ಲ. ನಾನು ನಿಂತಿದ್ದ ಮನೆ ಇಳಿದಿತ್ತು.

ಅಷ್ಟು ವರ್ಷ ಯಾವ ಎತ್ತರಕ್ಕೂ ಹೆದರದವನು, ಆ ಒಂದು ಮಹಡಿಯ ತಾರಸಿಯಿಂದ ಗೋಡೆ ಹಿಡಿದುಕೊಂಡು ಇಳಿದೆ.

ಕೆಳಗೆ ನರ್ಸಮ್ಮ ಒಂದು ಲೋಟ ನೀರು ಕೊಟ್ಟು, “ಹಿತ್ತಲ ಬಾಗಿಲು ಮುಚ್ಚೋಕೇ ಆಗ್ತಿಲ್ಲ ಕಣಪ್ಪ, ಎರಡು ಸಲ ಬಡಗಿ ಹತ್ರ ಉಜ್ಜಿಸ್ದೆ” ಎಂದರು. ದರ್ಜಿಯ ಮನೆಯಲ್ಲಿ ದಾರದ ಉಂಡೆ ಮೇಜಿನ ಮೇಲೆ ನಿಲ್ಲುವುದಿಲ್ಲ, ಇಟ್ಟರೆ ಹಿಂದಿನ ಗೋಡೆಯ ಕಡೆಗೇ ಉರುಳುತ್ತದೆ. “ಮನೆಗೂ ನನ್ನ ಹಾಗೆ ಹಿಂದಿನ ಬೆಂಚೇ ಇಷ್ಟ” ಎಂದು ಅವನು ತಮಾಷೆ ಮಾಡಿದ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು. ಬಾಗಿಲಿಗೆ ಬಡಗಿ, ಟಿವಿಗೆ ನಾನು. ಎಲ್ಲವನ್ನೂ ಸೇರಿಸಿ ನೋಡುವವರು ಯಾರೂ ಇರಲಿಲ್ಲ.

ಹಿಂದೆ ಏನಿದೆ ಎಂದು ನಿನಗೆ ಹೇಳಬೇಕಿಲ್ಲ. ನಿನ್ನ ಅಡುಗೆಮನೆಯ ಕಿಟಕಿಯಿಂದ ದಿನಾ ನೋಡುತ್ತೀಯ. ದೊಡ್ಡ ಕಟ್ಟಡ ಬರುತ್ತದೆ ಎಂದು ಅಷ್ಟು ಆಳ ಅಗೆದು, ತಗಡಿನ ಬೇಲಿ ಹಾಕಿ, ಹಾಗೇ ಬಿಟ್ಟು ಹೋದರಲ್ಲ, ಆ ಹೊಂಡ. ಹೋದ ವರ್ಷ ಅದರ ತುಂಬ ಹಸಿರು ನೀರಿತ್ತು. ಈಗ ಇಲ್ಲಿಂದ ಬಗ್ಗಿ ನೋಡಿದರೆ ನೀರು ಅರ್ಧಕ್ಕೆ ಇಳಿದಿದೆ. ಯಾರೂ ಮೊಗೆದಿಲ್ಲ, ಪಂಪು ಹಾಕಿಲ್ಲ. ಅಷ್ಟು ನೀರು ಎಲ್ಲಿಗೆ ಹೋಯಿತು? ನಿಮ್ಮ ಮನೆಯ ಬುಡಕ್ಕೂ ಹೊಂಡದ ಅಂಚಿಗೂ ನಡುವೆ ಇರುವುದು ಹನ್ನೆರಡು ಹೆಜ್ಜೆ. ಅಂಚಿನ ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳುವುದು ಈಗಲೂ ಕೇಳಿಸುತ್ತಿದೆ. ಸ್ವಲ್ಪ ಹೊತ್ತು ಏನೂ ಇರುವುದಿಲ್ಲ, ಆಮೇಲೆ ಮತ್ತೆ ಒಂದು ಹೆಂಟೆ, ನೀರಿಗೆ ಬಿದ್ದ ಸದ್ದು.

ಅವತ್ತೇ ಓಡಿ ಬಂದೆ ನಿಮ್ಮ ಮನೆಗೆ. ನಿಧಾನವಾಗಿ ಹೇಳಬೇಕಿತ್ತು. ಮೇಸ್ತ್ರಿಯ ಮುಂದೆ, ಅವರೇ ಕೈಯಾರೆ ಕಟ್ಟಿದ ಮನೆಯ ನಡುಮನೆಯಲ್ಲಿ ನಿಂತು, “ಭಾವ, ನಿಮ್ಮ ಗೋಡೆ ವಾಲಿದೆ, ಮನೆ ಖಾಲಿ ಮಾಡಿ” ಎಂದುಬಿಟ್ಟೆ. ನನ್ನ ನಾಲಿಗೆಗೆ ಎಲುಬಿಲ್ಲ. ಭಾವ ಕುರ್ಚಿಯಿಂದ ಎದ್ದರು. “ನಲವತ್ತು ವರ್ಷ ಗೋಡೆ ಎಬ್ಬಿಸಿದೀನಿ ನಾನು. ಟಿವಿ ರಿಪೇರಿಯವನು ಬಂದು ನನಗೆ ಗೋಡೆ ತೋರಿಸ್ತಾನಾ? ಈ ಹೊಸ್ತಿಲು ಇನ್ನು ತುಳೀಬೇಡ” ಎಂದರು. ಅವರ ಮಾತು ನನಗೆ ನಾಟಲಿಲ್ಲ. ನೀನು ಅಂದಿದ್ದು ನಾಟಿತು. ಬಾಗಿಲ ಹತ್ತಿರ ನಿಂತು, ನನ್ನ ಮುಖ ನೋಡದೆ ಅಂದೆ: “ಒಂದು ವರ್ಷದಿಂದ ನೀನೇ ಗಾಳಿ ಅಂದೆ, ಕಾಗೆ ಅಂದೆ, ತುಕ್ಕು ಅಂದೆ. ಈಗ ಗೋಡೆ ಅಂತೀಯ. ನಾಳೆ ಇನ್ನೇನು ಅಂತೀಯೋ?”

ಚಪ್ಪಲಿ ಮೆಟ್ಟಿಕೊಂಡು ಹೊರಟು ಬಂದೆ. ದಾರಿಯುದ್ದಕ್ಕೂ ಅಳು ಬಂತು, ನಲವತ್ತೊಂದು ವರ್ಷದ ಗಂಡಸಿಗೆ.

ಪುರಸಭೆಯ ಕಚೇರಿಗೂ ಹೋಗಿದ್ದೆ. ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, “ನೀವು ಇಂಜಿನಿಯರಾ?” ಎಂದು ಕೇಳಿದರು. ಆಂಟೆನಾ ಕೆಲಸ ಎಂದೆ. “ಹಾಗಾದ್ರೆ ಮನೆ ಬಗ್ಗೆ ನಿಮ್ಮ ದೂರು ತಗೊಳ್ಳೋಕೆ ಬರಲ್ಲ. ಮನೆ ಯಜಮಾನರು ಸಹಿ ಮಾಡಿ ಕೊಡಲಿ” ಎಂದರು. ನರ್ಸಮ್ಮ ಸಹಿ ಮಾಡಿದರು, ಬಟ್ಟೆ ಕಟ್ಟಿಕೊಂಡು ತಂಗಿಯ ಮನೆಗೆ ಹೊರಟೂ ಹೋದರು. ಉಳಿದವರೆಲ್ಲ ಮೇಸ್ತ್ರಿ ಏನಂತಾರೆ ಎಂದು ಕೇಳಿದರು. ಅಕ್ಕಾ, ಆ ಸಾಲಿನಲ್ಲಿ ಗೋಡೆಯ ವಿಷಯಕ್ಕೆ ಭಾವನ ಮಾತೇ ಕೊನೆಯ ಮಾತು. ಭಾವ ಎದ್ದರೆ ಅವರೂ ಏಳುತ್ತಾರೆ. ಭಾವ ಕೂತಿದ್ದಾರೆ, ಅದಕ್ಕೆ ಎಲ್ಲರೂ ಕೂತಿದ್ದಾರೆ.

ಈಗ ಇವತ್ತಿನ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ.

ಇವತ್ತು ನಾನು ಬಂದಿದ್ದು ನನ್ನ ಬೆಣೆಗಳನ್ನು ತೆಗೆಯಲು. ಅವು ಇರುವವರೆಗೂ ಕಂಬ ನೆಟ್ಟಗಿರುವ ಹಾಗೆ ಕಾಣುತ್ತದೆ, ಕಂಬ ನೆಟ್ಟಗೆ ಕಂಡರೆ ನೋಡಿದವರು ಗೋಡೆಯೂ ನೆಟ್ಟಗಿದೆ ಎಂದುಕೊಳ್ಳುತ್ತಾರೆ. ಬೆಣೆ ಕೀಳುವಾಗ ಕೈಯಿಂದ ಒಂದು ನಟ್ಟು ಜಾರಿ ಟ್ಯಾಂಕಿನ ಹಿಂದಕ್ಕೆ ಉರುಳಿತು. ಹುಡುಕಲು ಬಗ್ಗಿದೆ. ಟ್ಯಾಂಕಿನ ಹಿಂದೆ, ಯಾರೂ ಹೋಗದ ಜಾಗದಲ್ಲಿ, ತಾರಸಿಯ ಅಂಚಿನ ಮೋಟುಗೋಡೆಯ ಬುಡದಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಒಂದು ಬಿರುಕು. ಅದನ್ನು ಯಾರೋ ಸಿಮೆಂಟು ತುಂಬಿ ಮುಚ್ಚಿದ್ದಾರೆ. ತುಂಬಿ, ಉಜ್ಜಿ, ನೀರು ಹಾಕಿ ಹದ ಮಾಡಿ, ಮೇಲೆ ಸುಣ್ಣ ಬಳಿದಿದ್ದಾರೆ. ಕರಣೆಯನ್ನು ಎಡದಿಂದ ಬಲಕ್ಕೆ ಎಳೆದು ಕೊನೆಯಲ್ಲಿ ಸಣ್ಣಗೆ ಮೇಲಕ್ಕೆ ತಿರುಗಿಸುವುದು ಯಾರ ಕೈ, ಹೇಳು? ನನ್ನ ಮನೆಯ ಗೋಡೆಗೆ ಗಾರೆ ಮಾಡಿದ ಕೈ ಅದು. ನನಗೆ ಗೊತ್ತಾಗುವುದಿಲ್ಲವೇ!

ಒಂದು ಸಲ ಅಲ್ಲ. ಸುಣ್ಣ ಕೆರೆದು ನೋಡಿದೆ, ಮೂರು ಪದರ ಸಿಮೆಂಟು ಇದೆ. ಮೊದಲಿನದು ಹಳೆಯದು, ಬಣ್ಣ ಮಾಸಿದೆ. ಕೊನೆಯದು ಇನ್ನೂ ಬೂದಿ ಬಣ್ಣಕ್ಕೆ ತಿರುಗಿಲ್ಲ, ವಾರದ್ದೂ ಇರಲಾರದು. ಅದರ ನಡುವೆಯೂ ಕೂದಲಿನಂಥ ಸೀಳು ಬಂದಿದೆ. ಅಂದರೆ ಭಾವನಿಗೆ ಗೊತ್ತಿತ್ತು. ನನಗಿಂತ ಮೊದಲೇ ಗೊತ್ತಿತ್ತೋ ಏನೋ. ನೋವಿನ ಮಂಡಿ ಎಳೆದುಕೊಂಡು ಈ ಮೆಟ್ಟಿಲು ಹತ್ತಿ ಬಂದು, ನಿನಗೂ ಕಾಣದ ಹಾಗೆ ಬಿರುಕು ಮುಚ್ಚಿ, ಕೈ ತೊಳೆದುಕೊಂಡು, ಕೆಳಗೆ ಬಂದು ನಿನ್ನ ಪಕ್ಕ ಟಿವಿ ನೋಡುತ್ತಾ ಕೂತಿದ್ದಾರೆ. ಅವತ್ತು ನನ್ನ ಮೇಲೆ ಎದ್ದು ಬಂದಾಗ ನಾನು ಅದನ್ನು ಸಿಟ್ಟು ಅಂದುಕೊಂಡಿದ್ದೆ. ಸಿಟ್ಟಲ್ಲ ಅಕ್ಕಾ, ಅವರಿಗೆ ಭಯ.

ಅವರನ್ನು ಇದಕ್ಕಾಗಿ ಬೈಯಬೇಡ. ನಾವಿಬ್ಬರೂ ಮಾಡಿದ್ದು ಒಂದೇ ಕೆಲಸ. ನಾನು ಮೂರು ಬೆಣೆ ಇಟ್ಟೆ, ಅವರು ಮೂರು ಸಲ ಸಿಮೆಂಟು ತುಂಬಿದರು. ನೀನು ಕೆಳಗೆ ನೆಮ್ಮದಿಯಾಗಿ ಇರಲಿ ಎಂದು ನಾವಿಬ್ಬರೂ ತಾರಸಿಯ ಮೇಲೆ ಸುಳ್ಳು ಕಟ್ಟುತ್ತಿದ್ದೆವು. ಒಬ್ಬರ ಸುಳ್ಳು ಇನ್ನೊಬ್ಬರಿಗೆ ಗೊತ್ತಿರಲಿಲ್ಲ ಅಷ್ಟೇ. ಇಬ್ಬರಲ್ಲಿ ಒಬ್ಬನಾದರೂ ಒಂದು ವರ್ಷದ ಹಿಂದೆ ಬಾಯಿ ಬಿಟ್ಟಿದ್ದರೆ, ನಾಲ್ಕು ಜನರನ್ನು ಕರೆಸಿ, ಆ ಹೊಂಡಕ್ಕೆ ಏನಾದರೂ ಮಾಡಬಹುದಿತ್ತು. ಈಗ ಸಾಮಾನು ತೆಗೆಯುವಷ್ಟು ಹೊತ್ತು ಇದೆಯೋ ಇಲ್ಲವೋ, ಅದೂ ನನಗೆ ತಿಳಿಯದು. ನೋಡು, ಕೊನೆಗೂ ಆ ಮಾತು ಬಂತು. ನನಗೆ ಗೊತ್ತಿಲ್ಲ.

ಚಿಕ್ಕಂದಿನಲ್ಲಿ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು. ನಿನಗಾಗ ಹದಿನಾಲ್ಕು, ನನಗೆ ಆರು. ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಹತ್ತುತ್ತಿದ್ದೆ. ಕಿಟಕಿ, ಕಾಂಪೌಂಡು, ಪಕ್ಕದ ಮನೆಯ ಚಾವಣಿ. ನೀನು ಕೈಯಲ್ಲಿ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಂದು, “ಇಳಿದು ಬಾರೋ ಕೋತಿ, ಇಳಿದು ಬಾ, ಬಿದ್ದು ಸಾಯ್ತೀಯ” ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ನಾನು ಇಳಿಯುವವರೆಗೂ ಕದಲುತ್ತಿರಲಿಲ್ಲ. ಒಲೆಯ ಮೇಲಿನದು ಸೀದು ಕರಕಲಾದರೂ ಕದಲುತ್ತಿರಲಿಲ್ಲ. ಇಳಿದ ಮೇಲೆ ಎರಡು ಬಿಗಿದು, ಆಮೇಲೆ ತಬ್ಬಿಕೊಂಡು ಅಳುತ್ತಿದ್ದೆ. ಆ ಹೊಡೆತ ನನಗೆ ನೆನಪಿಲ್ಲ. ನಿನ್ನ ಎದೆ ಢವಢವ ಹೊಡೆದುಕೊಳ್ಳುತ್ತಿದ್ದುದು ನೆನಪಿದೆ. ಈಗ ನನ್ನದು ಹಾಗೆ ಹೊಡೆದುಕೊಳ್ಳುತ್ತಿದೆ.

ನಾಲ್ಕು ಗಂಟೆಯಾಯಿತು. ಎದ್ದು ಹೋಗಿ ದಾರ ನೋಡಿ ಬಂದೆ.

ಅಕ್ಕಾ, ದಾರ ಪೆನ್ಸಿಲ್ ಗೆರೆಯ ಮೇಲಿಲ್ಲ. ಗೆರೆಗೂ ದಾರಕ್ಕೂ ನಡುವೆ ಅಡಿಪಟ್ಟಿಯ ಬರಿ ಮರ ಕಾಣುತ್ತಿದೆ, ಒಂದು ಅಕ್ಕಿಕಾಳಿನ ದಪ್ಪ. ಬಕೆಟ್ಟು ಅಲುಗಿಲ್ಲ, ಇಟ್ಟಿಗೆ ಅಲುಗಿಲ್ಲ, ಗಾಳಿಯಿಲ್ಲ, ಒಂದು ಕಾಗೆಯೂ ಇಲ್ಲ. ಒಂದು ವರ್ಷದಲ್ಲಿ ಎರಡು ಬೆರಳು ವಾಲಿದ ಗೋಡೆ, ನಾನು ಈ ನಾಲ್ಕು ಹಾಳೆ ಬರೆಯುವಷ್ಟರಲ್ಲಿ ಅಕ್ಕಿಕಾಳಿನಷ್ಟು ವಾಲಿದೆ. ಕೆಳಗೆ ಹೆಂಟೆ ಬೀಳುವ ಸದ್ದು ಈಗ ನಿಂತು ನಿಂತು ಬರುತ್ತಿಲ್ಲ, ಒಂದೇ ಸಮನೆ ಬರುತ್ತಿದೆ.

ಇದನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗೋಣ ಎಂದುಕೊಂಡು ಬರೆಯಲು ಕೂತಿದ್ದೆ. ಈಗ ಅದು ಬೇಡ. ಬಾಗಿಲವರೆಗೂ ನೀವು ಬರಬಾರದು. ಗೇಟಿನ ಹೊರಗೆ ಚೀಲದಲ್ಲಿ ಕಟ್ಟಿ ತೂಗು ಹಾಕುತ್ತೇನೆ. ಗೇಟಿಗೆ ನನ್ನ ಬೀಗ ಹಾಕುತ್ತೇನೆ, ಅಂಗಡಿಯ ದೊಡ್ಡ ಬೀಗ. ಕೀಲಿ ನನ್ನ ಜೇಬಿನಲ್ಲೇ ಇರುತ್ತದೆ. ಕಾಂಪೌಂಡು ಹಾರೋಣ ಎಂದರೆ, ಭಾವ ಕಟ್ಟಿದ ಕಾಂಪೌಂಡನ್ನು ಆ ಮಂಡಿಯಲ್ಲಿ ಭಾವನೇ ಹಾರಲಾರರು. ಒಳಗಿರುವುದು ಏನೇ ಇರಲಿ, ನಿನ್ನ ಪಾತ್ರೆ, ಅಮ್ಮನ ಫೋಟೋ, ಯಾವುದಕ್ಕೂ ಒಳಗೆ ಹೋಗಬೇಡ, ನನ್ನಾಣೆ. ಫೋಟೋ ನನ್ನ ತಲೆಯಲ್ಲಿದೆ, ನಿನ್ನ ತಲೆಯಲ್ಲೂ ಇದೆ.

ಗೇಟಿನ ಮುಂದೆ ನಾನೇ ನಿಂತು ನಿಮ್ಮನ್ನು ತಡೆಯಬಹುದಿತ್ತು. ನಿಂತರೆ ಭಾವ ಜಗಳಕ್ಕೆ ನಿಲ್ಲುತ್ತಾರೆ, ನಾನೂ ಬಾಯಿ ಮುಚ್ಚುವವನಲ್ಲ. ನಮ್ಮ ಮನೆಯ ಜಗಳ ಅರ್ಧ ಗಂಟೆಗಿಂತ ಮುಂಚೆ ಮುಗಿದದ್ದೇ ಇಲ್ಲ. ಆ ಅರ್ಧ ಗಂಟೆ ಈ ಗೋಡೆಯ ಕೆಳಗೆ ನಿಂತು ಕಳೆಯುವುದು ಬೇಡ. ಅಲ್ಲದೆ ಇನ್ನೂ ಮೂರು ಮನೆಗಳಿವೆ. ದರ್ಜಿಯ ಮಷೀನಿನ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ಅವನನ್ನು ಕುತ್ತಿಗೆ ಹಿಡಿದಾದರೂ ಹೊರಗೆ ಎಳೆಯಬೇಕು. ಮೇಸ್ತ್ರಿ ಮನೆ ಬಿಟ್ಟರು, ಗೇಟಿಗೆ ಬೀಗ ಬಿತ್ತು, ಬೇಕಾದ್ರೆ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಭಾವನ ಹೆಸರಿನಲ್ಲಿ ಒಂದು ಸುಳ್ಳು. ಇದೊಂದನ್ನು ಅವರು ಕ್ಷಮಿಸಲಿ.

ಚೀಲದಲ್ಲಿ ಪತ್ರದ ಜೊತೆ ಮೂರು ಬೆಣೆ ಇವೆ. ಭಾವನ ಕೈಗೆ ಕೊಡು. ಏನೂ ಹೇಳಬೇಡ, ಒಂದರ ಮೇಲೊಂದು ಇಟ್ಟು ಕೊಡು ಸಾಕು. ಮೇಸ್ತ್ರಿಗೆ ಅದರ ದಪ್ಪ ನೋಡಿದರೆ ತಿಳಿಯುತ್ತದೆ. ತೂಕದ ಗುಂಡೂ ಇದೆ. ಅದನ್ನು ವಾಪಸು ಕೊಡುತ್ತಿದ್ದೇನೆ ಎಂದು ಅವರು ತಪ್ಪು ತಿಳಿಯಬಾರದು. ನನ್ನ ಮನೆಗೆ ಬಂದಾಗ ನನ್ನ ಗೋಡೆಗೆ ಹಿಡಿದು ನೋಡಲಿ, ನೆಟ್ಟಗಿದ್ದರೆ ಮಾತ್ರ ಒಳಗೆ ಬರಲಿ. ಅವರೇ ಗಾರೆ ಮಾಡಿದ ಗೋಡೆ, ನೆಟ್ಟಗೇ ಇರುತ್ತದೆ.

ನಿಮ್ಮ ಆಂಟೆನಾವನ್ನೂ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಇನ್ನು ಆ ಮನೆಯಲ್ಲಿ ನಿನ್ನ ಏಳು ಗಂಟೆಯ ಧಾರಾವಾಹಿ ಬರುವುದಿಲ್ಲ. ಮೇಲಿನ ಬೀದಿಯಲ್ಲಿ, ನನ್ನ ಮನೆಯಲ್ಲಿ, ಮಾತಾಡುವವರ ಮೂಗು, ಕಿವಿ, ಮೂಗಿನ ಮೇಲಿನ ಮಚ್ಚೆ ಎಲ್ಲ ಕಾಣುವ ಹಾಗೆ ಬರುತ್ತದೆ.

ಆಯುಷ್ಯವಿಡೀ ನೀನು ನನ್ನನ್ನು ಇಳಿದು ಬಾ, ಇಳಿದು ಬಾ ಎಂದು ಕೂಗಿದೆ, ನಾನು ಇಳಿದು ಬಂದೆ. ಇವತ್ತು ಒಂದು ಸಲ ನಾನು ಕೂಗುತ್ತಿದ್ದೇನೆ. ಹತ್ತಿ ಬಾ ಅಕ್ಕಾ. ಆ ಗೇಟು ಮುಟ್ಟದೆ, ಹಿಂತಿರುಗಿ ನೋಡದೆ, ಭಾವನ ಕೈ ಹಿಡಿದುಕೊಂಡು ಮೇಲಕ್ಕೆ ಹತ್ತಿ ಬಾ. ಬೀಗ ಹಾಕಿದ್ದಕ್ಕೆ ಬೈ, ಆಂಟೆನಾ ಕದ್ದಿದ್ದಕ್ಕೆ ಬೈ, ವರ್ಷವಿಡೀ ಸುಳ್ಳು ಹೇಳಿದ್ದಕ್ಕೆ ಎರಡು ಬಿಗಿ. ಬೈಯುವುದಕ್ಕಾದರೂ ಬಾ.

ಇನ್ನೂ ನೂರು ವರ್ಷ ನನ್ನನ್ನು ಬೈಯುತ್ತಾ ಬಾಳು,

ನಿನ್ನ ಕೋತಿ